ಇಂಜೆಕ್ಷನ್ ಕೊಡುವ ಮೊದಲು ನರ್ಸ್ ರಕ್ತ ತೆಗೆಯುವುದೇಕೆ?

‘ಜ್ವರ ಸುಡ್ತಾ ಇದೆ, ಇಂಜೆಕ್ಷನ್ ಕೊಡೋದು ಬಿಟ್ಟು ರಕ್ತ ತೆಗೀತಾ ಇದ್ದಾರೆ!’ ಆಸ್ಪತ್ರೆಯಲ್ಲಿ ನರ್ಸ್‌ಗಳ ಮೇಲೆ ಇಂಥ ಸಿಟ್ಟು ಸಾಮಾನ್ಯ. ಇದು ನಿಜಕ್ಕೂ ನಿರ್ಲಕ್ಷ್ಯವೇ? ನೋಡೋಣ.

ರಕ್ತ ಮೊದಲು ಏಕೆ?

ಸೋಂಕಿಗೆ ಯಾವ ಬ್ಯಾಕ್ಟೀರಿಯಾ ಕಾರಣ, ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂದು ತಿಳಿಯಲು ಕಲ್ಚರ್ ಪರೀಕ್ಷೆ ಮಾಡುತ್ತಾರೆ. ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುತ್ತಾರೆ. ಮೊದಲೇ ಆ್ಯಂಟಿಬಯೋಟಿಕ್ ಕೊಟ್ಟರೆ ಅದು ಬೆಳೆಯದೇ ಹೋಗಬಹುದು. ಆಗ ಸೋಂಕು ಇದ್ದರೂ ರಿಪೋರ್ಟ್‌ನಲ್ಲಿ ಕಾಣುವುದಿಲ್ಲ.

ರಕ್ತ ತೆಗೆಯಲು ಕೆಲವೇ ನಿಮಿಷ ಸಾಕು. ರೋಗಿಯ ಸ್ಥಿತಿ ಗಂಭೀರವಾಗಿದ್ದರೆ ಪರೀಕ್ಷೆಗಾಗಿ ಔಷಧವನ್ನು ತಡಮಾಡುವುದಿಲ್ಲ. ರಿಪೋರ್ಟ್ ಬರಲು ಸಾಮಾನ್ಯವಾಗಿ 2–3 ದಿನ ಬೇಕು. ಅದನ್ನು ನೋಡಿ ವೈದ್ಯರು ಔಷಧ ಬದಲಿಸಬಹುದು, ನಿಲ್ಲಿಸಲೂಬಹುದು.

ನರ್ಸ್ ಇನ್ನೇನು ಮಾಡುತ್ತಾರೆ?

• ಪೆನಿಸಿಲಿನ್‌ನಂಥ ಔಷಧಗಳಿಗೆ ಅಲರ್ಜಿ ಇದೆಯೇ ಎಂದು ಕೇಳುತ್ತಾರೆ.
• 8 ಗಂಟೆಗೊಮ್ಮೆ ಎಂದು ಬರೆದಿದ್ದರೆ, ನಡುರಾತ್ರಿಯಾದರೂ ಎಬ್ಬಿಸಿ ಡೋಸ್ ಕೊಡುತ್ತಾರೆ.
• ರೋಗಿ ಊಟ ಮಾಡುವಷ್ಟು ಚೇತರಿಸಿಕೊಂಡಾಗ, ಇಂಜೆಕ್ಷನ್ ಬದಲು ಮಾತ್ರೆ ಸಾಕೇ ಎಂದು ವೈದ್ಯರ ಗಮನಕ್ಕೆ ತರುತ್ತಾರೆ.
• ಕೈ ತೊಳೆದುಕೊಂಡೇ ರೋಗಿಯನ್ನು ಮುಟ್ಟುತ್ತಾರೆ. ಸೋಂಕು ಹರಡದಿದ್ದರೆ ಆ್ಯಂಟಿಬಯೋಟಿಕ್ ಅಗತ್ಯವೂ ಕಡಿಮೆ.

ಇಷ್ಟು ಎಚ್ಚರಿಕೆ ಏಕೆ?

ಬೇಡದಿದ್ದರೂ ಆ್ಯಂಟಿಬಯೋಟಿಕ್ ಬಳಸಿದಷ್ಟೂ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಇಂಥ ಸೋಂಕುಗಳಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ನೆಗಡಿ, ಫ್ಲೂ ಬರುವುದು ವೈರಸ್‌ನಿಂದ. ವೈರಸ್ ಮೇಲೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ‘ಇದೊಂದು ಇಂಜೆಕ್ಷನ್ ಹಾಕಿಬಿಡಿ ಸಿಸ್ಟರ್’ ಎಂದು ಕೇಳಿದಾಗ ಅವರು ಒಪ್ಪದಿರುವುದು ಇದಕ್ಕೇ.

ನಾವೇನು ಮಾಡಬೇಕು?

ಮನೆಯಲ್ಲಿ ಈಗಾಗಲೇ ಯಾವ ಮಾತ್ರೆ ನುಂಗಿದ್ದೇವೆ ಎಂಬುದನ್ನು ನರ್ಸ್‌ಗೆ ಮುಚ್ಚಿಡದೆ ಹೇಳಬೇಕು. ಸಾಧ್ಯವಾದರೆ ಸ್ಟ್ರಿಪ್ ತೋರಿಸಬೇಕು. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಈ ಗೆರೆಯ ಬಗ್ಗೆ ಅಭಿಯಾನವನ್ನೇ ನಡೆಸಿತ್ತು. ವೈದ್ಯರು ಹೇಳಿದಷ್ಟು ದಿನ ಔಷಧ ತೆಗೆದುಕೊಳ್ಳಬೇಕು. ಉಳಿದ ಮಾತ್ರೆಯನ್ನು ಪಕ್ಕದ ಮನೆಯವರಿಗೆ ಕೊಡಬಾರದು.

‘ಜ್ವರಕ್ಕೆ ಈ ಮಾತ್ರೆ ಮೂರು ದಿನ ನುಂಗಿ’ ಎಂಬ ಮೆಸೇಜ್ ನಿಮ್ಮ ಗ್ರೂಪ್‌ಗೆ ಬಂದರೆ ಫಾರ್ವರ್ಡ್ ಮಾಡಬೇಡಿ.