ಬೇತಮಂಗಲದ ಕೆರೆಯೇರಿಯೂ ವಿದ್ವತ್ಪ್ರಕಟನೆಯ ಧರ್ಮವೂ

ಕೋಲಾರದ ಚಿನ್ನದ ಗಣಿಗಳಿಗೆ ಸಮೀಪದಲ್ಲಿ, ಪಾಲಾರ್ ನದಿಗೆ ಕಟ್ಟಿದ ದೊಡ್ಡ ಕೆರೆಯ ಮಗ್ಗುಲಲ್ಲಿ ಬೇತಮಂಗಲವೆಂಬ ಊರಿರುತ್ತದೆ. ಹಿಂದೆ ಈ ಊರು ಒಂದು ತಾಲ್ಲೂಕಿಗೆ ತನ್ನ ಹೆಸರನ್ನು ಕೊಟ್ಟಿತ್ತು. ತರುವಾಯ ರೈಲುದಾರಿಯ ಬೌರಿಂಗ್‌ಪೇಟೆಗೆ, ಎಂದರೆ ಈಗಿನ ಬಂಗಾರಪೇಟೆಗೆ, ಆ ಗೌರವವು ಹೋಯಿತು. ಗಣಿಗಳಲ್ಲಿ ದುಡಿದ ಸಾವಿರಾರು ಸಂಸಾರಗಳು ಕುಡಿದ ನೀರು ಈ ಕೆರೆಯದೇ. ಆದರೆ ಚರಿತ್ರಾಭ್ಯಾಸಿಗಳಿಗೆ ಬೇತಮಂಗಲವು ಮುಖ್ಯವಾಗುವುದು ಅದರ ಶಾಸನಗಳಿಂದ. ಅವುಗಳಲ್ಲಿ ಊರಿನ ಹೆಸರು ವಿಜಯಾದಿತ್ಯಮಂಗಲವೆಂದಿದೆ. ಈ ಸೀಮೆಯನ್ನು ಆಳಿದ ಬಾಣವಂಶದಲ್ಲಿ ವಿಜಯಾದಿತ್ಯನೆಂಬ ಹೆಸರಿನ ಅರಸರಿದ್ದರೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ.

ಈ ಶಾಸನಗಳಿಂದ ತಿಳಿದುಬರುವ ಒಂದು ಸಂಗತಿಯು ಪ್ರಕೃತ ಲೇಖನಕ್ಕೆ ಪ್ರೇರಕವಾಯಿತು. ವಿಜಯಾದಿತ್ಯಮಂಗಲದ ಕೆರೆಯು ಒಡೆದುಹೋಗಿ, ಕ್ರಿ. ಶ. ೯೫೦ರ ಸುಮಾರಿನಲ್ಲಿ ದಿಲೀಪನೆಂಬ ನಾಮಾಂತರವುಳ್ಳ ಇರಿವ ನೊಳಂಬನ ಕಾಲದಲ್ಲಿ ಅದು ಜೀರ್ಣೋದ್ಧಾರವಾಯಿತು. ಹೊಯ್ಸಳರ ಕಾಲದಲ್ಲಿಯೂ ಅದನ್ನು ಮತ್ತೆ ಕಟ್ಟಿಸಬೇಕಾಯಿತು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಏರಿಯನ್ನು ಕಟ್ಟಿಸಿದ ಪುಣ್ಯವನ್ನು ಬರೆಯಿಸಿದವರು ಅದು ಒಡೆದಿತ್ತೆಂಬುದನ್ನು ಮರೆಮಾಚಲಿಲ್ಲ. ಬಿರುಕು ಎಲ್ಲಿತ್ತೆಂದು ತಿಳಿಯದೆ ಮುಂದಿನವನು ಏರಿಯನ್ನು ಕಾಯಲಾರನು. ವಿದ್ವಾಂಸರ ಗ್ರಂಥಗಳಿಗೂ ಇದೇ ನ್ಯಾಯವು ಸಲ್ಲುವುದೆಂದು ನಮ್ಮ ಅಭಿಪ್ರಾಯ. ನಮ್ಮ ನಾಡಿನ ಶಾಸನಶೋಧನೆಯ ಚರಿತ್ರೆಯಿಂದ ಎರಡು ನಿದರ್ಶನಗಳನ್ನೂ, ಬೇತಮಂಗಲದ ನೆರೆಯ ಗಣಿಗಳಿಂದ ಒಂದನ್ನೂ ತೆಗೆದುಕೊಂಡು ಈ ವಿಷಯವನ್ನು ವಿಚಾರಮಾಡೋಣ.

೧. ಕೂಟಶಾಸನಗಳ ವಿವಾದ

ಕೋಲಾರ ಜಿಲ್ಲೆಯ ಶಾಸನಗಳು ಅಚ್ಚಾದುದು ೧೯೦೫ರಲ್ಲಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯ ಹತ್ತನೆಯ ಸಂಪುಟವಾಗಿ. ಸಂಪಾದಕರು ೧೮೩೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬೆಂಜಮಿನ್ ಲೂಯಿ ರೈಸರು. ಮೈಸೂರು ಸಂಸ್ಥಾನದ ಸಾವಿರಾರು ಶಾಸನಗಳನ್ನು ಅವರು ಹನ್ನೆರಡು ಸಂಪುಟಗಳಲ್ಲಿ ಬೆಳಕಿಗೆ ತಂದರು. ಪ್ರತಿಯೊಂದು ಶಾಸನದ ಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಕೊಟ್ಟು ಇಂಗ್ಲಿಷ್ ಅನುವಾದವನ್ನು ಸೇರಿಸಿದರು. ಈ ಕ್ರಮದ ಪ್ರಯೋಜನವು ಸಾಮಾನ್ಯವಾದುದಲ್ಲ. ಅನುವಾದವು ತಪ್ಪಾಗಿದ್ದರೆ ಓದುಗನು ಪಾಠವನ್ನು ನೋಡಿ ತಾನೇ ತಿದ್ದಿಕೊಳ್ಳಬಹುದು. ಎಂದರೆ ಸಂಪಾದಕನು ತನ್ನ ತೀರ್ಪಿನೊಂದಿಗೆ ಸಾಕ್ಷ್ಯವನ್ನೂ ಓದುಗನ ಕೈಗೆ ಒಪ್ಪಿಸಿದನು.

ರೈಸರು ಗಂಗವಂಶದ ಪ್ರಾಚೀನ ತಾಮ್ರಪಟಗಳನ್ನು ನಂಬಿ, ಆ ವಂಶದ ಚರಿತ್ರೆಯನ್ನು ಬಹು ಹಿಂದಿನಿಂದ ಆರಂಭಿಸಿದರು. ಇದನ್ನು ಪ್ರಬಲವಾಗಿ ವಿರೋಧಿಸಿದವರು ಮುಂಬಯಿ ಅಧಿಪತ್ಯದಲ್ಲಿ ಅಧಿಕಾರಿಗಳಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟರು. ಮಡಿಕೇರಿಯ ತಾಮ್ರಪಟಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅವುಗಳಲ್ಲಿ ೩೮೮ ಎಂಬ ಸಂವತ್ಸರಸಂಖ್ಯೆಯಿದೆ. ಅದನ್ನು ಶಕವರ್ಷವೆಂದು ಗಣಿಸಿದರೆ ಕ್ರಿ. ಶ. ೪೬೬ ಆಗುತ್ತದೆ. ಆದರೆ ಅಕ್ಷರಗಳ ರೂಪವು ಅಷ್ಟು ಹಳೆಯದಲ್ಲವೆಂದು ಫ್ಲೀಟರು ವಾದಿಸಿದರು. ಅದೇ ಪಟಗಳಲ್ಲಿ ಕಾಣಬರುವ ಅಕಾಲವರ್ಷನೆಂಬ ಬಿರುದು ಶತಮಾನಗಳ ತರುವಾಯದ ರಾಷ್ಟ್ರಕೂಟರನ್ನು ನೆನಪಿಗೆ ತರುತ್ತದೆ. ಇಂತಹ ಕೂಟಶಾಸನಗಳನ್ನು ಪಟ್ಟಿಮಾಡಿ ಫ್ಲೀಟರು ೧೯೦೧ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು.

ಇಬ್ಬರೂ ಮಹಾವಿದ್ವಾಂಸರು, ವಾದವೂ ವರ್ಷಗಟ್ಟಲೆ ನಡೆಯಿತು. ಹೀಗಿರಲು ಪೆನುಗೊಂಡೆಯ ತಾಮ್ರಪಟಗಳು ದೊರೆತವು. ಇವುಗಳಲ್ಲಿ ಗಂಗರಾಜರಿಗೆ ಪಲ್ಲವ ಸಿಂಹವರ್ಮ ಸ್ಕಂದವರ್ಮರು ಪಟ್ಟಕಟ್ಟಿದ ವಿಷಯವು ಉಕ್ತವಾಗಿದೆ. ಇವುಗಳನ್ನು ಸಂಪಾದಿಸಿದವರು ರೈಸರೇ. ಎದುರಾಳಿಯ ಕೈಯಿಂದ ಬಂದ ಈ ಪಟಗಳನ್ನು ಫ್ಲೀಟರು ಪರೀಕ್ಷಿಸಿ, ನಿಜವಾದ ಶಾಸನವೆಂದು ಒಪ್ಪಿ, ೧೯೧೫ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಹಾಗೆಂದು ಬರೆದರು. ಅವರು ೧೯೧೭ರಲ್ಲಿ ಕಾಲವಾದರು. ಬಾಳಿನ ಕೊನೆಯ ಭಾಗದಲ್ಲಿ, ತಮ್ಮ ದೀರ್ಘವಿವಾದದ ಪ್ರತಿಪಕ್ಷಕ್ಕೆ ಬಲಕೊಡುವ ಸಾಕ್ಷ್ಯವನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಮಡಿಕೇರಿಯ ಪಟಗಳ ಬಗೆಗೆ ಅವರು ಎತ್ತಿದ ಸಂದೇಹವು ಮಾತ್ರ ಬಿದ್ದುಹೋಗಲಿಲ್ಲ. ಒಂದು ಪಟವು ಕೂಟವಾದರೆ ವಂಶವೇ ಕಲ್ಪಿತವೆಂದೂ, ಒಂದು ನಿಜವಾದರೆ ಎಲ್ಲವೂ ನಿಜವೆಂದೂ ಹೇಳಲಾಗದು. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಒರೆಗೆ ಹಚ್ಚಬೇಕು.

೨. ಬೂತುಗನ ಮೇಲಣ ಅಪವಾದ

ಎರಡನೆಯ ನಿದರ್ಶನವು ಬೇತಮಂಗಲದ ಏರಿಯನ್ನು ನೊಳಂಬನು ಕಟ್ಟಿಸಿದ ಕಾಲಕ್ಕೇ ಸೇರಿದುದು. ಕ್ರಿ. ಶ. ೯೪೯ರಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು, ಎಂದರೆ ಕನ್ನರದೇವನು, ತಕ್ಕೋಲದಲ್ಲಿ ಚೋಳರೊಡನೆ ಯುದ್ಧಮಾಡಿದನು. ಆ ಯುದ್ಧದಲ್ಲಿ ಚೋಳರಾಜಪುತ್ರನಾದ ರಾಜಾದಿತ್ಯನು ಗಂಗ ಬೂತುಗನ ಕೈಯಿಂದ ಮಡಿದನು. ಮಂಡ್ಯ ಜಿಲ್ಲೆಯ ಆತಕೂರಿನ ಶಿಲಾಶಾಸನದಲ್ಲಿ ಈ ವೃತ್ತಾಂತವು ದೊರೆಯುತ್ತದೆ.

ಫ್ಲೀಟರು ಈ ಶಾಸನವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಎರಡನೆಯ ಸಂಪುಟದಲ್ಲಿ ಮೊದಲು ಪ್ರಕಟಿಸಿದಾಗ, ಬೂತುಗನು ರಾಜಾದಿತ್ಯನನ್ನು ವಿಶ್ವಾಸಘಾತದಿಂದ ಕೊಂದನೆಂಬ ಅರ್ಥವು ಬರುವಂತೆ ಅನುವಾದಿಸಿದರು. ಆ ಮಾತು ಚರಿತ್ರೆಯ ಇತರ ಪುಸ್ತಕಗಳಿಗೂ ಹರಡಿತು. ಒಂಬೈನೂರು ವರ್ಷಗಳ ಹಿಂದೆ ತೀರಿಕೊಂಡ ವೀರನಿಗೆ ಒಂದು ಪದದ ಅರ್ಥಭೇದದಿಂದ ಮಿತ್ರಘಾತುಕನೆಂಬ ಹೆಸರು ಬಂದಿತು. ತನ್ನ ಪಕ್ಷವನ್ನು ತಾನೇ ಹೇಳಿಕೊಳ್ಳಲಾರದವನ ಮೇಲೆ ಹೊರಿಸಿದ ಅಪವಾದವಾದುದರಿಂದ ಇದು ಲಘುವಾದ ತಪ್ಪಲ್ಲ.

ವಿವಾದದ ತಿರುಳು ‘ಬಿಸುಗೆ’ ಎಂಬ ಹಳಗನ್ನಡ ಪದದಲ್ಲಿದೆ. ಅದಕ್ಕೆ ಆನೆಯ ಮೇಲಣ ಪೀಠವೆಂದು, ಎಂದರೆ ಅಂಬಾರಿಯೆಂದು, ಅರ್ಥ. ಈ ಅರ್ಥವನ್ನು ಹಿಡಿದರೆ ವಾಕ್ಯವು ಸ್ವಚ್ಛವಾಗುತ್ತದೆ: ಬೂತುಗನು ಆನೆಯ ಬಿಸುಗೆಯನ್ನೇ ರಣರಂಗವಾಗಿ ಮಾಡಿಕೊಂಡು ರಾಜಾದಿತ್ಯನನ್ನು ಇರಿದು ಕೊಂದನು. ಚೋಳರ ಪಕ್ಷದ ಲೈಡನ್ ತಾಮ್ರಪಟಗಳಲ್ಲಿಯೂ ರಾಜಾದಿತ್ಯನು ಆನೆಯ ಬೆನ್ನಿನ ಮೇಲೆಯೇ ಹೋರಾಡಿ ಮಡಿದನೆಂದಿದೆ. ಗೆದ್ದವರ ಕಲ್ಲೂ ಸೋತವರ ತಾಮ್ರವೂ ಹೀಗೆ ಒಂದನ್ನೊಂದು ಸಮರ್ಥಿಸುವಾಗ ಮೋಸದ ಮಾತಿಗೆ ಎಡೆಯಿಲ್ಲ. ಫ್ಲೀಟರು ತಾವೇ ಆ ಶಾಸನವನ್ನು ಅದೇ ಪತ್ರಿಕೆಯ ಆರನೆಯ ಸಂಪುಟದಲ್ಲಿ ಮರಳಿ ಸಂಪಾದಿಸಿ, ಹಿಂದಿನ ಅನುವಾದವನ್ನು ತಿದ್ದಿದರು. ತಪ್ಪು ಯಾವ ಪತ್ರಿಕೆಯಲ್ಲಿ ಅಚ್ಚಾಯಿತೋ ತಿದ್ದುಪಡಿಯೂ ಅಲ್ಲಿಯೇ, ಅದೇ ಹೆಸರಿನ ಕೆಳಗೆ, ಅಚ್ಚಾಯಿತು. ಆದರೂ ಮೊದಲಿನ ಮಾತನ್ನು ನಂಬಿದ ಪುಸ್ತಕಗಳು ಉಳಿದೇ ಉಳಿದವು. ತಪ್ಪಿಗಿರುವ ವೇಗವು ತಿದ್ದುಪಡಿಗೆ ಇರುವುದಿಲ್ಲವೆಂಬುದನ್ನು ಪಾಠಹೇಳುವವರು ವಿಶೇಷವಾಗಿ ನೆನಪಿನಲ್ಲಿಡಬೇಕು.

೩. ಕಾಳಿಯೆಂಬ ನಾಯಿ

ಅದೇ ಕಲ್ಲಿನಲ್ಲಿ ಮತ್ತೊಂದು ವೃತ್ತಾಂತವಿದೆ. ಬೂತುಗನ ಭಟನಾದ ಸಗರವಂಶದ ಮಣಲೆರನ ಪರಾಕ್ರಮವನ್ನು ಮೆಚ್ಚಿ ಬೇಡಿಕೊಳ್ಳೆಂದಾಗ, ಅವನು ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಕೆಳಲೆನಾಡಿನ ಬೆಳತೂರಿನ ಪಶ್ಚಿಮದ ಬೆಟ್ಟದಲ್ಲಿ ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲು, ನಾಯಿಯೂ ಹಂದಿಯೂ ಒಡನೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲನ್ನು ನಡಿಸಿ ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಲಾಗದೆಂಬ ಕಟ್ಟಳೆಯನ್ನೂ ಬರೆಯಿಸಿದರು. ನಾಯಿ ಹಂದಿಗಳ ಹೋರಾಟವನ್ನು ಕಲ್ಲಿನಲ್ಲಿಯೇ ಕೆತ್ತಿದೆ.

ಇದನ್ನು ಪ್ರಾಣಿದಯೆಯ ಶಾಸನವೆಂದು ಹೊಗಳುವುದು ಸರಿಯಾಗದು. ನಾಯಿಯನ್ನು ಹಂದಿಯ ಮೇಲೆ ಬಿಟ್ಟವರು ಮನುಷ್ಯರೇ, ಮತ್ತು ಅದು ಮನುಷ್ಯರ ವಿನೋದಕ್ಕಾಗಿ. ಸತ್ತ ಹಂದಿಗೆ ಕಲ್ಲಿನಲ್ಲಿ ಹೆಸರೂ ಇಲ್ಲ. ಆದರೆ ಒಂದು ಪ್ರಾಣಿಯು ತಮ್ಮ ಕಾರ್ಯದಲ್ಲಿ ಸತ್ತಾಗ, ಯಾವ ಪ್ರಾಣಿ, ಯಾರು ಬಿಟ್ಟರು, ಎಲ್ಲಿ, ಹೇಗೆ ಸತ್ತಿತೆಂಬ ಲೆಕ್ಕವನ್ನು ಒಪ್ಪಿಸಬೇಕೆಂಬ ಭಾವನೆಯು ಆ ಕಲ್ಲನ್ನು ಬರೆಯಿಸಿದವರಿಗಿತ್ತು. ಪ್ರಯೋಗಶಾಲೆಗಳು ಇಷ್ಟು ಲೆಕ್ಕವನ್ನು ಕೊಡಲು ಬಹುಕಾಲ ಹಿಡಿಯಿತು. ಜೀವಂತ ಪ್ರಾಣಿಗಳ ಮೇಲಣ ಪ್ರಯೋಗಗಳಿಗೆ ಇಂಗ್ಲೆಂಡಿನಲ್ಲಿ ೧೮೭೬ರಲ್ಲಿ ಕಾನೂನಿನ ಕಟ್ಟು ಬಂದಿತು. ನಮ್ಮ ದೇಶದಲ್ಲಿ ೧೯೬೦ರ ಪ್ರಾಣಿಹಿಂಸಾನಿವಾರಣೆಯ ಅಧಿನಿಯಮವು ಜ್ಞಾನವೃದ್ಧಿಗಾಗಿಯೂ ರೋಗಪರಿಹಾರಕ್ಕಾಗಿಯೂ ಪ್ರಯೋಗಗಳನ್ನು ನಿಷೇಧಿಸದೆ, ಅನಾವಶ್ಯಕವಾದ ನೋವನ್ನು ತಡೆಯಲು ಒಂದು ಸಮಿತಿಯನ್ನು ವಿಧಿಸಿತು. ೧೯೯೮ರ ನಿಯಮಗಳು ಅದನ್ನು ವಿಶದಪಡಿಸಿದವು. ಪ್ರಾಣಿಗಳಿಲ್ಲದೆ ಆಗುವ ಕೆಲಸಕ್ಕೆ ಅವನ್ನು ಬಳಸದಿರುವುದು, ಬಳಸಲೇಬೇಕಾದರೆ ಸಂಖ್ಯೆಯನ್ನು ಕಡಮೆಮಾಡುವುದು, ನೋವನ್ನು ತಗ್ಗಿಸುವುದು ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ೧೯೫೯ರಲ್ಲಿ ಗ್ರಂಥರೂಪವಾಗಿ ಕೊಟ್ಟಿದ್ದರು.

ಪ್ರಕಟನೆಯ ಧರ್ಮಕ್ಕೂ ಇದಕ್ಕೂ ಸಂಬಂಧವುಂಟು. ಪ್ರಯೋಗವು ಫಲಿಸದಿದ್ದರೆ ಅದನ್ನು ಅಡಗಿಸಿಡುವ ವಿದ್ವಾಂಸನಿಂದ ಮತ್ತೊಬ್ಬನು ಅದೇ ಪ್ರಯೋಗವನ್ನು ತಿಳಿಯದೆ ಮಾಡಿ, ಅಷ್ಟೇ ಪ್ರಾಣಿಗಳನ್ನು ವ್ಯರ್ಥವಾಗಿ ಕೊಲ್ಲುವನು. ಸುಳ್ಳು ಅಂಕಿಗಳನ್ನು ಅಚ್ಚುಹಾಕಿದರೆ ಮೊದಲ ಪ್ರಾಣಿಗಳ ಸಾವೂ ನಿಷ್ಫಲವಾಗುತ್ತದೆ. ಶಾಸನದ ತಪ್ಪುಪಾಠದಿಂದ ಸತ್ತವನ ಕೀರ್ತಿಗೆ ಹಾನಿಯಾದರೆ, ಇಲ್ಲಿ ಬದುಕಿರುವ ಮೂಕಜೀವಿಗೇ ಹಾನಿಯಾಗುತ್ತದೆ.

೪. ಗಣಿಯ ಆಳದಲ್ಲಿ

ಇನ್ನು ಬೇತಮಂಗಲದ ನೆರೆಗೆ ಮರಳೋಣ. ಆ ಕೆರೆಯ ನೀರನ್ನು ಕುಡಿದ ಚಿನ್ನದ ಗಣಿಗಳಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರೊಡನೆ ಸೇರಿ, ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳನ್ನು ಹುಡುಕಿದರು. ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿ ರೈನಸ್ ಎಂಬವರ ತಂಡವೂ ಇದೇ ಕಾರ್ಯದಲ್ಲಿ ತೊಡಗಿತ್ತು. ೧೯೬೫ರ ಆಗಸ್ಟಿನಲ್ಲಿ ಎರಡು ತಂಡಗಳ ಲೇಖನಗಳೂ ಪ್ರಕಟವಾದವು. ಕೋಲಾರದ್ದು ಸುಮಾರು ಎರಡು ವಾರ ಮೊದಲು. ಆದರೆ ಮೊದಲ ಘಟನೆಯನ್ನು ತಮ್ಮ ಯಂತ್ರದಲ್ಲಿ ಕಂಡವರು ದಕ್ಷಿಣ ಆಫ್ರಿಕದವರು. ಲೇಖನಗಳಲ್ಲಿ ದಿನಾಂಕಗಳು ನಮೂದಾಗಿರುವುದರಿಂದಲೇ ಇಬ್ಬರಿಗೂ ಸಲ್ಲತಕ್ಕ ಗೌರವವನ್ನು ನಾವು ಇಂದು ಸಲ್ಲಿಸಬಹುದಾಗಿದೆ. ಯಾರು ಎಂದು ಕಂಡರು, ಎಂದು ಬರೆದು ಕಳುಹಿದರು ಎಂಬ ಒಕ್ಕಣೆಯು ಶಾಸನದ ಕಾಲನಿರ್ದೇಶಕ್ಕೆ ಸಮಾನವಾದುದು.

ಅದೇ ಗಣಿಯಲ್ಲಿ ೧೯೮೦ರ ತರುವಾಯ ಪ್ರೋಟಾನ್ ಕಣವು ಕ್ಷಯಿಸುವುದೇ ಎಂದು ಪರೀಕ್ಷಿಸುವ ಮತ್ತೊಂದು ಪ್ರಯೋಗವು ನಡೆಯಿತು. ಕ್ಷಯವೆಂದು ಎಣಿಸಬಹುದಾದ ಕೆಲವು ಘಟನೆಗಳು ಕಂಡವೆಂದು ವಿದ್ವಾಂಸರು ವಿವರಸಹಿತವಾಗಿ ಪ್ರಕಟಿಸಿದರು. ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಕಟ್ಟಿದ ಇನ್ನೂ ದೊಡ್ಡ ಯಂತ್ರಗಳಲ್ಲಿ ಅಂತಹ ಕ್ಷಯವು ಕಾಣಲಿಲ್ಲ. ಇಂದಿನವರೆಗೂ ಅದು ಎಲ್ಲಿಯೂ ಸಿದ್ಧವಾಗಿಲ್ಲ. ಇದರಿಂದ ಕೋಲಾರದವರಿಗೆ ಅಪಕೀರ್ತಿ ಬಂದಿತೆಂದು ಭಾವಿಸಕೂಡದು. ಅವರು ಕಂಡುದನ್ನು ಕಂಡಂತೆ ಬರೆದು ಇತರರ ಪರೀಕ್ಷೆಗೆ ಒಡ್ಡಿದರು. ಇತರರು ಪರೀಕ್ಷಿಸಿ ಒಪ್ಪಲಿಲ್ಲ. ಪ್ರಾಮಾಣಿಕವಾದ ತಪ್ಪಿಗೂ ಕೂಟಶಾಸನಕ್ಕೂ ಇರುವ ಅಂತರವು ಇಷ್ಟೇ: ಮೊದಲನೆಯದು ತನ್ನನ್ನು ಒರೆಗೆ ಹಚ್ಚುವ ದಾರಿಯನ್ನು ತಾನೇ ತೋರಿಸುತ್ತದೆ, ಎರಡನೆಯದು ಆ ದಾರಿಯನ್ನು ಮುಚ್ಚುತ್ತದೆ. ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಆಳದ ಪ್ರಯೋಗಶಾಲೆಗೆ ಈಗ ಯಾರೂ ಇಳಿಯಲಾರರು. ಅಲ್ಲಿ ನಡೆದ ಕಾರ್ಯಕ್ಕೆ ಉಳಿದಿರುವ ಸಾಕ್ಷಿಯೆಂದರೆ ಅಚ್ಚಾದ ಲೇಖನಗಳೇ.

೫. ಉಪಸಂಹಾರ

ಮೇಲಿನ ನಿದರ್ಶನಗಳಿಂದ ನಮ್ಮಂತಹ ಪತ್ರಿಕೆಗಳಿಗೆ ಬರೆಯುವವರೂ, ತರಗತಿಗಳಲ್ಲಿ ಹಳಗನ್ನಡವನ್ನು ಬೋಧಿಸುವವರೂ ಕೆಲವು ನಿಯಮಗಳನ್ನು ಗ್ರಹಿಸಬಹುದು. ಶಾಸನವನ್ನು ಪ್ರಕಟಿಸುವವನು ಕಲ್ಲನ್ನು ತಾನೇ ಕಂಡನೋ, ಅಚ್ಚುಪ್ರತಿಯನ್ನು ನೋಡಿದನೋ, ಅಥವಾ ಇನ್ನೊಬ್ಬರ ಪಾಠವನ್ನು ಎತ್ತಿಕೊಂಡನೋ ಎಂಬುದನ್ನು ಮೊದಲೇ ತಿಳಿಸಬೇಕು. ಸವೆದ ಅಕ್ಷರವನ್ನು ಊಹಿಸಿ ತುಂಬಿದಲ್ಲಿ ಅದು ಊಹೆಯೆಂದು ಗುರುತುಹಾಕಬೇಕು. ಕಲ್ಲನ್ನು ತೋರಿಸಿದ ಗ್ರಾಮಸ್ಥನಿಗೂ, ಪ್ರತಿಮಾಡಿಕೊಟ್ಟ ಪಂಡಿತನಿಗೂ ಸಲ್ಲತಕ್ಕ ಹೆಸರನ್ನು ಸಲ್ಲಿಸಬೇಕು. ಮುಂದೆ ಇಲಾಖೆಯ ಮುಖ್ಯಾಧಿಕಾರಿಗಳಾಗಿ ಪ್ರಸಿದ್ಧರಾದ ಆರ್. ನರಸಿಂಹಾಚಾರ್ಯರು ರೈಸರಿಗೆ ಸಹಾಯಕರಾಗಿದ್ದವರೆಂಬುದನ್ನು ನೆನೆದರೆ, ಸಹಾಯಕನ ಶ್ರಮವು ಎಷ್ಟು ದೊಡ್ಡದಾಗಿರಬಹುದೆಂಬುದು ತಿಳಿಯುತ್ತದೆ. ತಪ್ಪು ಕಂಡಾಗ, ಅದು ಅಚ್ಚಾದ ಪತ್ರಿಕೆಯಲ್ಲಿಯೇ ತಿದ್ದುಪಡಿಯನ್ನು ಕೊಡಬೇಕು. ಹೊಸ ಲೇಖನದೊಳಗೆ ಸದ್ದಿಲ್ಲದೆ ಮಾತನ್ನು ಬದಲಾಯಿಸಿದರೆ ಸಾಲದು. ಅಧ್ಯಾಪಕರು ತಕ್ಕೋಲದ ಯುದ್ಧವನ್ನು ಹೇಳುವಾಗ ಹಳೆಯ ಪುಸ್ತಕದ ಅಪವಾದವನ್ನು ಬಿಟ್ಟು, ಅದು ಹೇಗೆ ಬಂದಿತು, ಹೇಗೆ ಹೋಯಿತು ಎಂಬುದನ್ನು ಕಲಿಸಿದರೆ, ವಿದ್ಯಾರ್ಥಿಗಳಿಗೆ ಚರಿತ್ರೆಯೊಂದಿಗೆ ವಿದ್ವದ್ಧರ್ಮವೂ ದೊರೆಯುವುದು.

ವಿಜಯಾದಿತ್ಯಮಂಗಲದ ಕೆರೆಯನ್ನು ಕಟ್ಟಿದವರ ಏರಿಯು ಒಡೆಯಿತು. ತರುವಾಯದವರು ಕಟ್ಟಿದುದನ್ನೂ ಮತ್ತೆ ಕಟ್ಟಬೇಕಾಯಿತು. ಆದುದರಿಂದ ಮೊದಲಿನವರ ಶ್ರಮವು ವ್ಯರ್ಥವಾಯಿತೆಂದು ಯಾರೂ ಹೇಳುವುದಿಲ್ಲ. ಒಡೆದುದನ್ನು ಒಡೆಯಿತೆಂದು ಬರೆದಿಟ್ಟುದರಿಂದ ಪ್ರತಿಯೊಂದು ಪೀಳಿಗೆಯೂ ತನ್ನ ಕೆಲಸವನ್ನು ಹಿಂದಿನವರು ಬಿಟ್ಟ ಎಡೆಯಿಂದ ಆರಂಭಿಸಲು ಸಾಧ್ಯವಾಯಿತು. ನಮ್ಮ ಪ್ರಕಟನೆಗಳಿಂದಲೂ ಮುಂದಿನವರಿಗೆ ಇಷ್ಟಾದರೂ ಸಹಾಯವಾಗಬೇಕೆಂದು ವಿದ್ವಾಂಸರಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ.