ಹಲ್ಲಿಗೆ ಯಾವ ಕ್ಯಾಪ್? ಜಿರ್ಕೋನಿಯಾ, ಇ-ಮ್ಯಾಕ್ಸ್, ಮೆಟಲ್ ಸೆರಾಮಿಕ್: ಹಾಕಿಸುವ ಮುನ್ನ ತಿಳಿದಿರಲಿ

ರೂಟ್ ಕೆನಾಲ್ ಮುಗಿದ ಮೇಲೆ ಡಾಕ್ಟರು ಕೇಳುವ ಪ್ರಶ್ನೆ ಒಂದೇ, 'ಯಾವ ಕ್ಯಾಪ್ ಹಾಕೋಣ?' ಹೆಚ್ಚಿನವರು ರೇಟು, ವಾರಂಟಿ ಕಾರ್ಡ್ ನೋಡಿ ಹ್ಞೂಂ ಅಂದುಬಿಡ್ತಾರೆ. ವಾರಂಟಿ ಇರೋದು ಕ್ಯಾಪ್‌ಗೆ, ಒಳಗಿನ ಹಲ್ಲಿಗಲ್ಲ. ಕ್ಯಾಪ್ ಅಂಚಿನಲ್ಲಿ ಸಂದಿ ಉಳಿದರೆ ಸಿಮೆಂಟ್ ನಿಧಾನಕ್ಕೆ ಕರಗಿ ಒಳಗೆ ಹುಳುಕು ಹಿಡಿಯುತ್ತದೆ. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನರ ಇರಲ್ಲ, ಹಾಗಾಗಿ ನೋವಿನ ಮುನ್ಸೂಚನೆಯೂ ಸಿಗಲ್ಲ. ಗೊತ್ತಾಗುವ ಹೊತ್ತಿಗೆ ಹಲ್ಲನ್ನೇ ಕೀಳಬೇಕಾಗಿ ಬರಬಹುದು.

ಮೂರರಲ್ಲಿ ಮೆಟಲ್ ಸೆರಾಮಿಕ್ ಹಳೆಯದು, ಸಾಮಾನ್ಯವಾಗಿ ಅಗ್ಗದ್ದು. ಒಳಗೆ ಲೋಹ, ಮೇಲೆ ಪಿಂಗಾಣಿ. ಪಿಂಗಾಣಿ ಚಕ್ಕೆ ಏಳೋದುಂಟು. ವಸಡು ಇಳಿದರೆ ಬುಡದಲ್ಲಿ ಕಪ್ಪು ಗೆರೆ ಕಾಣುತ್ತದೆ.

ಜಿರ್ಕೋನಿಯಾ ಗಟ್ಟಿ. ಇದರ ಬಲ ಸುಮಾರು 900ರಿಂದ 1200 ಮೆಗಾಪ್ಯಾಸ್ಕಲ್, ದವಡೆ ಹಲ್ಲಿಗೆ ಹೇಳಿ ಮಾಡಿಸಿದ್ದು. ಸೀಮೆಸುಣ್ಣದಂಥ ಮೆತ್ತನೆ ಬ್ಲಾಕ್‌ನಲ್ಲಿ ಮಷಿನ್ ಇದನ್ನು ಕೊರೆಯುತ್ತದೆ. ಆಮೇಲೆ ಸುಮಾರು 1500 ಡಿಗ್ರಿ ಕುಲುಮೆಯಲ್ಲಿ ಸುಟ್ಟಾಗ ಶೇ. 20ರಷ್ಟು ಕುಗ್ಗುತ್ತದೆ! ಅದಕ್ಕೇ ಲ್ಯಾಬ್‌ನವರು ಮೊದಲೇ ಲೆಕ್ಕ ಹಾಕಿ ದೊಡ್ಡದಾಗಿ ಕೊರೆಯೋದು. ಆ ಲೆಕ್ಕ ತಪ್ಪಿದರೆ ಫಿಟ್ಟಿಂಗೂ ತಪ್ಪುತ್ತದೆ.

ಇ-ಮ್ಯಾಕ್ಸ್ ಅಂದರೆ ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನ ಜಾತಿಯ ಸೆರಾಮಿಕ್. ಇದು ಸುಮಾರು 850 ಡಿಗ್ರಿಯಲ್ಲಿ ಬೇಯುತ್ತದೆ, ಕುಗ್ಗೋದು ಅತ್ಯಲ್ಪ. ಬೆಳಕು ಹಾಯುವುದರಿಂದ ಮುಂದಿನ ಹಲ್ಲಿಗೆ ಸಹಜ ಹಲ್ಲಿನಂತೆಯೇ ಕಾಣುತ್ತದೆ. ಬಲ ಮಾತ್ರ ಜಿರ್ಕೋನಿಯಾದ ಅರ್ಧದಷ್ಟೂ ಇಲ್ಲ ಅನ್ನಬಹುದು. ಹಿಂದಿನ ಹಲ್ಲುಗಳ ಬ್ರಿಡ್ಜ್‌ಗೆ ಇದು ಬೇಡ.

ಸಂದಿ ಎಷ್ಟಿದ್ದರೆ ನಡೆಯುತ್ತೆ? 1971ರಲ್ಲಿ ಮೆಕ್ಲೀನ್ ಮತ್ತು ಫಾನ್ ಫ್ರಾನ್‌ಹೋಫರ್ ಹೇಳಿದ 120 ಮೈಕ್ರಾನ್ ಮಿತಿಯನ್ನೇ ಇಂದಿಗೂ ಉಲ್ಲೇಖಿಸುತ್ತಾರೆ. ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ. ಸರಿಯಾಗಿ ಮಾಡಿದರೆ ಮೂರೂ ಈ ಮಿತಿಯೊಳಗೇ ಕೂರುತ್ತವೆ. ಹಲ್ಲು ಉಜ್ಜಿ ಆಕಾರ ಕೊಡೋದು, ಅಳತೆ ತೆಗೆಯೋದು, ಲ್ಯಾಬ್ ಕೆಲಸ, ಇವುಗಳಲ್ಲಿ ಎಡವಿದರೆ ಎಷ್ಟು ದುಬಾರಿ ಕ್ಯಾಪ್ ಆದರೂ ಅಷ್ಟೇ.

ಅಂಟಿಸುವ ಮೊದಲು ಕೂರಿಸಿ ತೋರಿಸಲು ಕೇಳಿ. ಕಚ್ಚಿದಾಗ ಎತ್ತರ ಅನ್ನಿಸಿದರೆ, ಪಕ್ಕದ ಹಲ್ಲಿನ ಜೊತೆ ತೀರಾ ಸಡಿಲ ಇದ್ದರೆ ಆಗಲೇ ಹೇಳಿ, ಸಂಕೋಚ ಬೇಡ. ಫ್ಲಾಸ್ ದಾರ ಅಂಚಿಗೆ ಸಿಕ್ಕಿ ಹರಿದರೆ ಅದೂ ಅನುಮಾನದ ಲಕ್ಷಣವೇ. ಎರಡು ಹಲ್ಲಿನ ನಡುವಿನ ಅಂಚು ಕಣ್ಣಿಗೆ ಕಾಣಲ್ಲ, ಎಕ್ಸ್‌ರೇ ತೆಗೆಸಬಹುದು. ಪರ್ಮನೆಂಟ್ ಸಿಮೆಂಟ್ ಹಾಕಿದ ಮೇಲೆ ತೆಗೆಯಬೇಕೆಂದರೆ ಸಾಮಾನ್ಯವಾಗಿ ಕ್ಯಾಪ್ ಕತ್ತರಿಸಬೇಕು, ಜಿರ್ಕೋನಿಯಾ ಅಂತೂ ಸುಲಭಕ್ಕೆ ಬಗ್ಗಲ್ಲ.