ಪ್ರತ್ಯೇಕ ಪಠ್ಯ, ಉಳಿದವರಿಗೆ ವಿನಾಯಿತಿ: ಬ್ರಿಟನ್ನಿನ ಬೌದ್ಧಿಕ ಅಂಗವೈಕಲ್ಯ ಶುಶ್ರೂಷಾ ಶಿಕ್ಷಣ

ಬೌದ್ಧಿಕ ಅಂಗವೈಕಲ್ಯವುಳ್ಳವರ ಆರೈಕೆಗೆಂದೇ ನರ್ಸುಗಳಿಗೆ ಬೇರೆ ತರಬೇತಿ ಕೊಟ್ಟು, ಬೇರೆಯಾಗಿಯೇ ನೋಂದಾಯಿಸಿಕೊಳ್ಳುವ ದೇಶಗಳು ವಿರಳ. ಬ್ರಿಟನ್, ಐರ್ಲೆಂಡ್‌ಗಳಲ್ಲಿ ಆ ಪದ್ಧತಿಯಿದೆ. ಅದನ್ನು ಮಾದರಿಯೆಂದು ಮೆಚ್ಚುವವರಿದ್ದಾರೆ. ಆದರೆ ಒಂದು ಗುಂಪು ಕಲಿಯುತ್ತಿದೆಯಲ್ಲ ಎಂದು ಉಳಿದವರು ಕಲಿಯದೇ ಹೋದದ್ದೂ ಅದೇ ಪದ್ಧತಿಯ ಫಲ.

ಈ ಶಿಕ್ಷಣದ ಬೇರು ಹುಚ್ಚಾಸ್ಪತ್ರೆಗಳಲ್ಲಿದೆ. ಅಲ್ಲಿನ ಪರಿಚಾರಕರಿಗೆ ಮೆಡಿಕೋ-ಸೈಕಲಾಜಿಕಲ್ ಅಸೋಸಿಯೇಷನ್ 1891ರಲ್ಲಿ ಪರೀಕ್ಷೆ ನಡೆಸತೊಡಗಿತು. 1913ರ ಮೆಂಟಲ್ ಡಿಫಿಷಿಯೆನ್ಸಿ ಕಾಯ್ದೆ ಬೌದ್ಧಿಕ ಅಂಗವೈಕಲ್ಯವುಳ್ಳವರನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ‘ಕಾಲೊನಿ’ಗಳಲ್ಲಿ ಇರಿಸಲು ದಾರಿ ಮಾಡಿತು. ಅಲ್ಲಿ ದುಡಿಯುವವರಿಗೆ ಪ್ರತ್ಯೇಕ ಪ್ರಮಾಣಪತ್ರ ಬಂದದ್ದು ಆಮೇಲೆ. ಅಂದರೆ ಪಠ್ಯ ಹುಟ್ಟಿದ್ದು ಸಂಸ್ಥೆಯ ಅಗತ್ಯಕ್ಕೆ, ಒಳಗಿದ್ದವರ ಅಗತ್ಯಕ್ಕಲ್ಲ.

1967ರಲ್ಲಿ ಇಂಥದ್ದೇ ಸಂಸ್ಥೆಯಾದ ಕಾರ್ಡಿಫ್‌ನ ಈಲಿ ಆಸ್ಪತ್ರೆಯ ನೌಕರನೊಬ್ಬ ಅಲ್ಲಿನ ಹೊಡೆತ, ಕಳ್ಳತನಗಳನ್ನು ಪತ್ರಿಕೆಗೆ ತಿಳಿಸಿದ. ಜೆಫ್ರಿ ಹೌ ನೇತೃತ್ವದ ವಿಚಾರಣೆಯ ವರದಿ 1969ರಲ್ಲಿ ಹೊರಬಂತು. ಎರಡೇ ವರ್ಷಕ್ಕೆ, ಜನರನ್ನು ಆಸ್ಪತ್ರೆಗಳಿಂದ ಊರೊಳಗೆ ಕರೆತರುವ ನೀತಿಯನ್ನು ಸರ್ಕಾರ ಪ್ರಕಟಿಸಿತು. ಆಸ್ಪತ್ರೆಯೇ ಬೇಡವೆಂದ ಮೇಲೆ ನರ್ಸು ಯಾಕೆ? ಇದನ್ನು ಪರಿಶೀಲಿಸಿದ ಪೆಗ್ಗಿ ಜೇ ಸಮಿತಿ 1979ರಲ್ಲಿ ನೇರವಾಗಿಯೇ ಹೇಳಿತು: ಇವರನ್ನು ನೋಡಿಕೊಳ್ಳುವವರಿಗೆ ಬೇಕಾದದ್ದು ಶುಶ್ರೂಷೆಯ ತರಬೇತಿಯಲ್ಲ, ಸಮಾಜಸೇವೆಯದು. ಸರ್ಕಾರ ಆ ಶಿಫಾರಸನ್ನು ಒಪ್ಪಲಿಲ್ಲ, ವೃತ್ತಿ ಉಳಿಯಿತು. ಜೇ ಕೇಳಿದ ಪ್ರಶ್ನೆ ಸರಿಯಾದದ್ದೇ, ಉತ್ತರ ಮಾತ್ರ ಅರ್ಧ ಎಂದು ನನಗನಿಸುತ್ತದೆ. ಊರೊಳಗೆ ಬಂದವರಿಗೂ ಕಾಯಿಲೆ ಬರುತ್ತದೆ.

ಕಾಯಿಲೆ ಬಂದಾಗ ಅವರು ಹೋದದ್ದು ಸಾಮಾನ್ಯ ಆಸ್ಪತ್ರೆಗೆ. ಅಲ್ಲಿದ್ದ ನರ್ಸು ಓದಿದ್ದು ಬೇರೆ ವಿಭಾಗ. ಬೌದ್ಧಿಕ ಅಂಗವೈಕಲ್ಯವುಳ್ಳವರ ಪರ ದುಡಿಯುವ ಮೆನ್‌ಕ್ಯಾಪ್ ಸಂಸ್ಥೆ 2007ರಲ್ಲಿ ಅಂಥವರ ಆರು ಸಾವುಗಳ ವಿವರ ಪ್ರಕಟಿಸಿತು. ಅವರಲ್ಲೊಬ್ಬರು ಪಾರ್ಶ್ವವಾಯುವಾಗಿ ನುಂಗಲಾರದೆ ಮಲಗಿದ್ದವರು. 26 ದಿನ ಅವರಿಗೆ ಆಹಾರವೇ ಹೋಗಲಿಲ್ಲ. ಮಾತು ಬಾರದವನು ತಲೆ ಚಚ್ಚಿಕೊಂಡರೆ ‘ಅವನು ಇರೋದೇ ಹಾಗೆ’ ಎಂದು ಬಿಟ್ಟುಬಿಡುವುದು ಸುಲಭ. ಅದು ಹಲ್ಲುನೋವಿರಬಹುದು, ಮಲಬದ್ಧತೆಯಿರಬಹುದು. ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಲೆಕ್ಕ ಮುಂದಿಟ್ಟಿತು: ಸಾಮಾನ್ಯ ಜನರಿಗಿಂತ ಬೌದ್ಧಿಕ ಅಂಗವೈಕಲ್ಯವುಳ್ಳ ಗಂಡಸರು 13 ವರ್ಷ, ಹೆಂಗಸರು 20 ವರ್ಷ ಮೊದಲೇ ಸಾಯುತ್ತಿದ್ದರು.

ಇದನ್ನು ತಡೆಯಲು ಬಳಕೆಗೆ ಬಂದವುಗಳಲ್ಲಿ, ರೋಗಿ ಆಸ್ಪತ್ರೆಗೆ ಒಯ್ಯುವ ‘ಹಾಸ್ಪಿಟಲ್ ಪಾಸ್‌ಪೋರ್ಟ್’ ಎಂಬ ಮಾಹಿತಿಪತ್ರ ನನಗೆ ಮೆಚ್ಚಿಕೆಯಾದದ್ದು. ಸಾಮಾನ್ಯವಾಗಿ ಅದಕ್ಕೆ ಸಿಗ್ನಲ್ ದೀಪದ ಮೂರು ಬಣ್ಣ: ಕೆಂಪಿನಲ್ಲಿ ಅಲರ್ಜಿಯಂಥ ತಿಳಿಯಲೇಬೇಕಾದ ಸಂಗತಿ, ಹಳದಿಯಲ್ಲಿ ನೋವನ್ನು ಹೇಗೆ ತೋರಿಸುತ್ತಾರೆ, ಹೇಗೆ ತಿನ್ನುತ್ತಾರೆ ಎಂಬುದು, ಹಸಿರಿನಲ್ಲಿ ಇಷ್ಟಾನಿಷ್ಟ. ತುಂಬಿಸುವವರು ಮನೆಯವರು ಮತ್ತು ಸ್ವತಃ ರೋಗಿ. ಓದಲು ವಿಶೇಷ ಪದವಿ ಬೇಡ.

2022ರ ಹೆಲ್ತ್ ಆ್ಯಂಡ್ ಕೇರ್ ಕಾಯ್ದೆ ಇಂಗ್ಲೆಂಡಿನ ನೋಂದಾಯಿತ ಆರೋಗ್ಯಸಂಸ್ಥೆಗಳ ಸಿಬ್ಬಂದಿಗೆಲ್ಲ ಬೌದ್ಧಿಕ ಅಂಗವೈಕಲ್ಯದ ಕುರಿತ ತರಬೇತಿಯನ್ನು ಕಡ್ಡಾಯ ಮಾಡಿತು. ಇದಕ್ಕೆಂದು ರೂಪಿಸಿದ ತರಬೇತಿಗೆ 2016ರಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ 18ರ ತರುಣ ಆಲಿವರ್ ಮೆಕ್‌ಗೋವನ್ ಹೆಸರಿಟ್ಟಿದ್ದಾರೆ. ಅಂಗವೈಕಲ್ಯವುಳ್ಳವರೇ ಅದರಲ್ಲಿ ಪಾಠ ಹೇಳುವವರಾಗಿ ನಿಲ್ಲುತ್ತಾರೆ. ಇದು ನಮಗೂ ಸಂಬಂಧಿಸಿದ್ದೇ. ಭಾರತದ ನರ್ಸಿಂಗ್ ಪದವಿಯಲ್ಲಿ ಈ ವಿಷಯ ಮಾನಸಿಕ ಆರೋಗ್ಯ ಶುಶ್ರೂಷೆಯ ಪತ್ರಿಕೆಯೊಳಗಿನ ಒಂದು ಭಾಗ. ಮಂಗಳೂರು, ಬೆಂಗಳೂರುಗಳಲ್ಲಿ ಓದಿ ಇಂಗ್ಲೆಂಡಿನ ಸಾಮಾನ್ಯ ವಾರ್ಡುಗಳಿಗೆ ಸೇರುವ ನಮ್ಮ ನರ್ಸುಗಳೂ ಈಗ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ.